ಕಳಸಕ್ಕೆ ಕಿವಿಯಿಲ್ಲ

ಅಂಗಳ ಗುಡಿಸಿದೆ. ಸಗಣಿ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟೆ, ಆಷಾಢದ ಗಾಳಿಗೆ ಅರ್ಧ ಹಾರಿಹೋಯಿತು. ಬೋರಿಂಗಿನಿಂದ ಆರು ಕೊಡ ನೀರು ತಂದು ಹಂಡೆ ತುಂಬಿಸಿದೆ. ಅಜ್ಜಿಗೆ ಎಲೆ ಅಡಿಕೆ ಕುಟ್ಟಿ ಕೊಟ್ಟೆ. ರಾತ್ರಿ ಮಿಕ್ಕಿದ್ದ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿದೆ, ಹಸಿಮೆಣಸಿನಕಾಯಿ ಸುಟ್ಟು ಉಪ್ಪು ಹಾಕಿ ಅರೆದೆ. ತಂಗಿ ಮಂಜುಳಾಗೆ ಎರಡು ಜಡೆ ಹೆಣೆದು, ಕೆಂಪು ಟೇಪು ಕಟ್ಟಿ, ಶಾಲೆಗೆ ಕಳಿಸಿದೆ. ಅಪ್ಪನ ಬಿಳಿ ಅಂಗಿಯಲ್ಲಿ ಬಿದ್ದುಹೋಗಿದ್ದ ಗುಂಡಿ ಹೊಲಿದೆ. ಕೊನೆಗೆ ಒಳಕೋಣೆಗೆ ಹೋಗಿ, ರಾಗಿ ತುಂಬಿದ ಮಣ್ಣಿನ ವಾಡೆಯೊಳಕ್ಕೆ ಮೊಣಕೈವರೆಗೆ ಕೈ ಬಿಟ್ಟು, ತಡಕಾಡಿ, ಅಮ್ಮನ ಒಡವೆಯ ಗಂಟು ಎಳೆದು ತೆಗೆದೆ. ಗಂಟು ಬಿಚ್ಚಿ ಓಲೆಗಳನ್ನು ಮಾತ್ರ ಎತ್ತಿಕೊಂಡು, ಸರವನ್ನು ಮತ್ತೆ ಕಟ್ಟಿ ರಾಗಿಯೊಳಗೆ ಹೂತೆ. ಕೈಗೆ ಹತ್ತಿದ ಕಾಳನ್ನು ಕೆಳಗೆ ಬೀಳದ ಹಾಗೆ ವಾಡೆಗೇ ಒದರಿದೆ. ಆಮೇಲೆ ಅಪ್ಪನ ಜೊತೆ ದುರ್ಗದ ಬಸ್ಸು ಹತ್ತಿದೆ.

ಆ ಬೆಳಗಿನ ಕೆಲಸಗಳು ಒಂದೂ ಬಿಡದೆ ನನಗೆ ನೆನಪಿವೆ. ಇದೇನೂ ನನ್ನ ಜ್ಞಾಪಕಶಕ್ತಿಯ ಹೆಚ್ಚುಗಾರಿಕೆಯಲ್ಲ. ಒಂದು ಕೆಲಸಕ್ಕೂ ಮತ್ತೊಂದು ಕೆಲಸಕ್ಕೂ ನಡುವೆ, ಅಜ್ಜಿಯ ಹತ್ತಿರವೋ ಅಪ್ಪನ ಹತ್ತಿರವೋ ಒಂದು ಮಾತು ಹೇಳಿಬಿಡಲು ನನಗೆ ಎಷ್ಟೋ ಪುರಸೊತ್ತಿತ್ತು. ಹೇಳಬೇಕಾಗಿದ್ದ ಮಾತೂ ದೊಡ್ಡದಲ್ಲ. ಹೇಳಲಿಲ್ಲ. ಹೇಳದೆ ಬಿಟ್ಟ ಜಾಗಗಳನ್ನೇ ಇಷ್ಟು ವರ್ಷ ಎಣಿಸಿಕೊಂಡು ಬಂದಿದ್ದೇನೆ, ಅದರ ಜೊತೆಗೆ ಕೆಲಸಗಳೂ ಉಳಿದುಕೊಂಡಿವೆ.

ನಮ್ಮ ಮನೆ ಇದ್ದದ್ದು ಐಮಂಗಲದಲ್ಲಿ, ಬೆಂಗಳೂರು ರಸ್ತೆಯಿಂದ ಒಂದು ಕೂಗಳತೆ ಒಳಗೆ. ಮಣ್ಣಿನ ಮಾಳಿಗೆ ಮನೆ. ಮುಂದೆ ಪಡಸಾಲೆ, ಹಿಂದೆ ಅಡಿಗೆ ಮನೆ, ಪಕ್ಕದಲ್ಲಿ ಕಿಟಕಿಯಿಲ್ಲದ ಒಳಕೋಣೆ. ಆ ಕೋಣೆಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಮಧ್ಯಾಹ್ನ ಅದರಿಂದ ರೊಟ್ಟಿಯಗಲದ ಬಿಸಿಲು ನೆಲಕ್ಕೆ ಬೀಳುತ್ತಿತ್ತು, ನಾವಿಬ್ಬರೂ ಅಕ್ಕತಂಗಿ ಅದರೊಳಗೆ ಕಾಲಿಡಲು ಜಗಳವಾಡುತ್ತಿದ್ದೆವು. ಲಾರಿ ಹೋದಾಗಲೆಲ್ಲ ಗೂಡಿನ ಹಿತ್ತಾಳೆ ಪಾತ್ರೆಗಳು ಗಿಣಿಗಿಣಿ ಎನ್ನುತ್ತಿದ್ದವು. ಅಪ್ಪ ಹಿರಿಯೂರಿನಲ್ಲಿ ಒಂದು ಹಾಸ್ಟೆಲ್ಲಿನ ಅಡಿಗೆಯವರು. ಮೊದಲನೇ ಬಸ್ಸಿಗೆ ಹೋಗಿ, ನೂರು ಹುಡುಗರಿಗೆ ಎರಡು ಹೊತ್ತು ಬೇಯಿಸಿಹಾಕಿ, ಬೆವರು ಒಗ್ಗರಣೆ ಎರಡರ ವಾಸನೆಯನ್ನೂ ಹೊತ್ತು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲಿ ಮಾತ್ರ ಒಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಮ್ಮ ಹಾಸಿಗೆ ಹಿಡಿದ ಮೇಲೆ ಒಂದು ಭಾನುವಾರ ತಾವೇ ಸಾರು ಮಾಡುತ್ತೇನೆಂದು ನಿಂತರು. ಅವರ ಕೈ ಅಳತೆ ನೂರು ಜನರದ್ದು. ಇದ್ದಬದ್ದ ಬೇಳೆಯೆಲ್ಲ ಬೆಂದು, ದೊಡ್ಡ ಪಾತ್ರೆಯ ಕಂಠದವರೆಗೆ ಸಾರು ಬಂತು. ಅಜ್ಜಿ ಪಡಸಾಲೆಯಿಂದಲೇ ಕತ್ತು ಚಾಚಿ ನೋಡಿ,

"ಯಾರ್ ಮದ್ವೇಲೇ ಸಿದ್ದಪ್ಪ ಇವತ್ತು?" ಎಂದಳು.

"ಸುಮ್ನಿರವ್ವ. ಕೈ ತಪ್ತು."

"ತಪ್ಪಿದ್ದು ಒಳ್ಳೇದೇ ಆತು ಬಿಡು. ಊರಿಗೆಲ್ಲ ಡಂಗುರ ಸಾರ್ಸು, ಊಟಕ್ಕೆ ಬರ್ಲಿ."

ಒಳಕೋಣೆಯಲ್ಲಿ ಮಲಗಿದ್ದ ಅಮ್ಮ ನಕ್ಕದ್ದು ನಮಗೆ ಕೇಳಿಸಿತು. ಮೂರು ದಿನ ಅದೇ ಸಾರು ಕಾಸಿ ಕಾಸಿ ಉಂಡೆವು. ಅಮ್ಮ ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಕೊನೆ.

ಅಮ್ಮನಿಗೆ ಎರಡೇ ಒಡವೆ. ಒಂದು ಗುಂಡಿನ ಸರ, ಒಂದು ಜೊತೆ ಓಲೆ. ಬೇರೆ ಏನಾದರೂ ಇದ್ದಿದ್ದರೆ ಅದು ನಾನು ಹುಟ್ಟುವ ಮೊದಲಿನ ಮಾತು. ಸರ ಹಬ್ಬಕ್ಕೆ, ಮದುವೆಗೆ ಮಾತ್ರ ಹೊರಬರುತ್ತಿತ್ತು. ಓಲೆ ಹಾಗಲ್ಲ, ಅದು ಅಮ್ಮನ ಮುಖದ ಒಂದು ಭಾಗವೇ ಆಗಿತ್ತು. ಏಳು ಕೆಂಪು ಹರಳಿನ ಓಲೆ, ನಡುವೆ ಒಂದು, ಸುತ್ತ ಆರು. ರಾಗಿ ಒಕ್ಕುವಾಗಲೂ ಅದೇ, ತಲೆಗೆ ಎರೆದುಕೊಳ್ಳುವಾಗಲೂ ಅದೇ. ಒಲೆ ಊದಲು ಬಗ್ಗಿದರೆ ಹರಳಿನೊಳಗೆ ಬೆಂಕಿ ಕಾಣುತ್ತಿತ್ತು. ಸಣ್ಣವಳಿದ್ದಾಗ ಮಂಜಿ ಹಾಲು ಕುಡಿಯುತ್ತಾ ಒಂದು ಕೈಯಲ್ಲಿ ಆ ಓಲೆ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದಳು. ನನಗೂ ಮಂಜಿಗೂ ಎಂಟು ವರ್ಷ ಅಂತರ, ಆದ್ದರಿಂದ ಅದನ್ನು ನಾನು ಕಣ್ಣಾರೆ ನೋಡಿ ಹೊಟ್ಟೆಕಿಚ್ಚುಪಟ್ಟಿದ್ದೇನೆ.

ಯುಗಾದಿಗೆ ಮೊದಲು ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಕರೆದಳು. ಅಪ್ಪ ಕೆಲಸಕ್ಕೆ ಹೋಗಿದ್ದರು, ಮಂಜಿ ಶಾಲೆಯಲ್ಲಿ, ಅಜ್ಜಿ ಹಿತ್ತಲಲ್ಲಿ ಹುರುಳಿ ಬಡಿಯುತ್ತಿದ್ದಳು. ಬೆಳಕಿಂಡಿಯ ಬಿಸಿಲು ಅಮ್ಮನ ಕಾಲ ಹತ್ತಿರ ಬಿದ್ದಿತ್ತು.

"ಗಿರಿಜಾ, ಇವನ್ನ ಬಿಚ್ಚೇ. ಮಗ್ಗಲಾದ್ರೆ ಒತ್ತುತಾವೆ."

ತಿರುಪು ಕಚ್ಚಿಕೊಂಡಿತ್ತು. ಕೊಬ್ಬರಿ ಎಣ್ಣೆ ಬಿಟ್ಟು ತುಂಬ ಹೊತ್ತು ತಿರುಗಿಸಿದ ಮೇಲೆ ಬಂತು. ಓಲೆ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಮಗುವಿನದರಂತಿತ್ತು.

"ಬೇವಿನ ಕಡ್ಡಿ ಮುರ್ದು ಹಾಕು. ಬೋಳು ಕಿವಿ ನೋಡಿದ್ರೆ ನಿಮ್ಮಜ್ಜಿ ಬಯ್ತಾಳೆ."

ಕಡ್ಡಿ ಹಾಕಿದೆ. ಓಲೆ ನನ್ನ ಅಂಗೈಯಲ್ಲೇ ಇದ್ದವು. ಅಮ್ಮ ಅವನ್ನು ನೋಡುತ್ತಾ ಹೇಳಿದಳು:

"ಇವು ಮಂಜಿಗೆ ಕಣೇ. ಅವಳ ಕಿವಿ ನನ್ ಕಿವಿ ಇದ್ದಂಗೇ ಐತೆ, ದಪ್ಪಕೆ. ಭಾರ ತಡೀತೈತೆ. ನಿಂದು ನಿಮ್ಮಪ್ಪನ ಕಿವಿ, ಕಾಗದ ಇದ್ದಂಗೆ. ನೀನು ಸರ ತಗ."

"ಯಾಕಮ್ಮ ಈಗ್ಲೇ ಪಾಲು ಮಾಡ್ತೀಯ?" ಎಂದು ನಾನು ನಗಲು ನೋಡಿದೆ.

"ಪಾಲಲ್ವೇ. ಅವಳಿಗೆ ಈಗ ಹೇಳಿದ್ರೆ ಈಗ್ಲೇ ಹಾಕು ಅಂತ ರಂಪ ಮಾಡ್ತಾಳೆ. ದೊಡ್ಡೋಳಾದ್ಮೇಲೆ ನೀನೇ ಹೇಳು."

"ಹೂಂ" ಎಂದೆ. ಅಷ್ಟೇ ನಡೆದದ್ದು. ಆ ಹೊತ್ತಿನಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಓಲೆಯ ವಿಚಾರವೂ ಅಲ್ಲ, ಅಮ್ಮ ಸಾಯುವಳೆಂಬ ಹೆದರಿಕೆಯೂ ಅಲ್ಲ. ಮಂಜಿಯ ಕಿವಿ ಅಮ್ಮನದು, ನನ್ನದು ಅಪ್ಪನದು ಎಂಬ ಮಾತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಮುಂದಿನದೆಲ್ಲ ಇಲ್ಲಿಂದಲೇ ಶುರುವಾದದ್ದು.

ಯುಗಾದಿ ಕಳೆದು ಎರಡು ವಾರಕ್ಕೆ ಅಮ್ಮ ಹೋದಳು. ಸರ ಓಲೆ ಎರಡನ್ನೂ ಅಜ್ಜಿ ಒಂದು ಹಳದಿ ಬಟ್ಟೆಯಲ್ಲಿ ಕಟ್ಟಿ ರಾಗಿ ವಾಡೆಯೊಳಗೆ ಹುದುಗಿಸಿದಳು. ನಮ್ಮ ಮನೆತನದಲ್ಲಿ ಒಂದು ರೂಢಿಯಿತ್ತು. ಹೆಂಗಸು ತೀರಿಕೊಂಡ ವರ್ಷ ಮಹಾಲಯ ಅಮಾವಾಸ್ಯೆಗೆ ಅವಳ ಹೆಸರಿನಲ್ಲಿ ಕಳಸ ಇಡುತ್ತಾರೆ. ತಂಬಿಗೆಗೆ ತೆಂಗಿನಕಾಯಿ ಕೂರಿಸಿ, ಅರಿಶಿನ ಬಳಿದು, ಹೊಸ ಸೀರೆ ಉಡಿಸಿ, ಅವಳ ಒಡವೆ ತೊಡಿಸಿ, ಅವಳಿಗೆ ಇಷ್ಟವಾದದ್ದೆಲ್ಲ ಎಡೆ ಇಡುತ್ತಾರೆ. ಅಲ್ಲಿಯವರೆಗೆ ಅವಳ ಒಡವೆಯನ್ನು ಯಾರೂ ಮೈಗೆ ಹಾಕುವಂತಿಲ್ಲ, ಮನೆಯಿಂದ ಹೊರಗೆ ಕೊಡುವಂತಿಲ್ಲ. ಕಳಸಕ್ಕೆ ಯಾವ ಒಡವೆಯನ್ನು ಯಾವ ಮಗಳು ಏರಿಸುತ್ತಾಳೋ, ಮಾರನೇ ದಿನ ಅದು ಅವಳ ಕೈಗೇ ಇಳಿಯುತ್ತದೆ. ಹಾಗೆ ಪಾಲಾಗುವುದು. ಅದರ ಮೇಲೆ ಮತ್ತೆ ಯಾರೂ ಮಾತಾಡುವುದಿಲ್ಲ.

ನಾನು ಆ ವರ್ಷ ಪಿಯುಸಿ ಮುಗಿಸಿದ್ದೆ. ದುರ್ಗದಲ್ಲಿ ಟಿಸಿಎಚ್ ಸೀಟು ಸಿಕ್ಕಿದ ಕಾಗದ ಆಷಾಢದಲ್ಲಿ ಬಂತು. ಎರಡು ವರ್ಷ ಓದಿದರೆ ಟೀಚರ್ ಕೆಲಸ ಖಂಡಿತ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಆದರೆ ಖಾಸಗಿ ಕಾಲೇಜು. ಅವರು ಕೇಳಿದ್ದು ಅಪ್ಪನ ಸಂಬಳದಲ್ಲಿ ಆಗುವ ಮಾತಾಗಿರಲಿಲ್ಲ, ಕೂಡಿಟ್ಟದ್ದು ಅಮ್ಮನ ಔಷಧಿಗೆ ಹೋಗಿತ್ತು. ಅಪ್ಪ ಎರಡು ದಿನ ಎಂದಿನಂತೆ ಕೆಲಸಕ್ಕೆ ಹೋಗಿಬಂದರು. ಮೂರನೇ ದಿನ ಬೆಳಿಗ್ಗೆ ರಜೆ ಹಾಕಿ, ಪಡಸಾಲೆಯಲ್ಲಿ ಅಜ್ಜಿಯ ಎದುರು ಕೂತು, ಸರ ಮಾರುತ್ತೇನೆಂದರು. ನಾನು ಬಾಗಿಲ ಹತ್ತಿರ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ.

"ಏನಲೇ ಅಂದೆ?" ಅಜ್ಜಿಯ ಕುಟ್ಟಾಣಿ ನಿಂತಿತು. "ಅವಳು ಇನ್ನೂ ಹೊಸ್ತಿಲು ದಾಟಿಲ್ಲ ಕಣಲೇ. ಅಮಾಸೆಗೆ ಬಂದು ನನ್ ಒಡವೆ ಎಲ್ಲಿ ಅಂತ ಕೇಳಿದ್ರೆ ಏನಂತೀಯ?"

"ನಿನ್ ಮಗಳು ಓದಕ್ಕೆ ಹೋದ್ಲು ಅಂತೀನಿ."

"ಬಾಯಿ ಮಾತ್ರ ಚೆನ್ನಾಗೈತೆ ನಿಂದು. ಸರ ಇಲ್ದೆ ಕಳಸ ಹೆಂಗಿಡ್ಲಿ? ಬೋಳು ಕೊಳ್ಳಿನಾಗೆ ಕುಂದ್ರುಸ್ಲಾ ನಿನ್ ಹೆಂಡ್ತೀನ?"

"ಅಮಾಸೆ ಇನ್ನೂ ಮೂರು ತಿಂಗ್ಳೈತೆ ಕಣವ್ವ. ಕಾಲೇಜಿನೋರು ಕಾಯ್ತಾರಾ?"

"ಕಾಯ್ದಿದ್ರೆ ಬಿಡು. ಹೆಣ್ ಹುಡುಗಿ ಮಾಸ್ತರಿಕೆ ಮಾಡ್ದಿದ್ರೆ ಶಾಲೆ ಬಾಗ್ಲು ಹಾಕ್ತಾರಾ?"

ಅಪ್ಪ ತಲೆ ತಗ್ಗಿಸಿದರು. ನನಗೆ ಗೊತ್ತಿತ್ತು, ಅಜ್ಜಿ ಹೀಗೆ ಒಂದು ಸುತ್ತು ಬೈದು ಕೊನೆಗೆ ಮಗನ ಮಾತಿಗೇ ಬರುವವಳು. ಇನ್ನು ಕಾಲುಗಂಟೆ ಬಿಟ್ಟಿದ್ದರೆ ಸರ ಹೋಗುತ್ತಿತ್ತು. ಅಂದರೆ ನನ್ನ ಓದಿಗೆ ನನ್ನ ಪಾಲು ಹೋಗುತ್ತಿತ್ತು, ಮಂಜಿಯ ಪಾಲು ವಾಡೆಯಲ್ಲೇ ಇರುತ್ತಿತ್ತು. ಅದಕ್ಕಿಂತ ನ್ಯಾಯ ಏನಿತ್ತು? ಆದರೆ ಆ ಸರ ನನ್ನ ಕೊರಳಿನಲ್ಲಿ, ಟೀಚರ್ ಸೀರೆಯ ಮೇಲೆ, ಹೇಗೆ ಕಾಣುತ್ತದೆಂದು ನಾನು ಎಷ್ಟೋ ಸಲ ಕಣ್ಣುಮುಚ್ಚಿ ನೋಡಿಕೊಂಡಿದ್ದೆ. ಮೊರದಿಂದ ತಲೆ ಎತ್ತದೆ ಹೇಳಿದೆ:

"ಅಜ್ಜಿ, ಕಳಸಕ್ಕೆ ಕೊಳ್ಳೈತೆ, ಸರ ಬೇಕು. ಕಿವಿ ಎಲ್ಲೈತೆ? ಓಲೆ ಇದ್ರೂ ಎಲ್ಲಿಗೆ ಹಾಕ್ತೀಯ?"

ಇಬ್ಬರೂ ನನ್ನ ಕಡೆ ತಿರುಗಿದರು. ಅಪ್ಪನ ಮುಖ ಅರಳಿತು.

"ನೋಡವ್ವ! ಓದಿರೋ ತಲೆ ಅಂದ್ರೆ ಇದು."

"ಓದಿದ್ದು ಜಾಸ್ತಿ ಆಗೈತೆ ಇವಳಿಗೆ" ಎಂದಳು ಅಜ್ಜಿ. ಆದರೆ ಕುಟ್ಟಾಣಿ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ, "ಅದೂ ದಿಟವೇ. ನಮ್ಮತ್ತೆ ಕಳಸಕ್ಕೂ ಬುಗುಡಿ ಇಕ್ಕಿರ್ಲಿಲ್ಲ. ಪಕ್ಕದಾಗೆ ತಟ್ಟೇಲಿ ಇಟ್ಟಿದ್ವಿ" ಎಂದಳು. ಅಷ್ಟಕ್ಕೆ ಮಾತು ತೀರ್ಮಾನವಾಯಿತು.

ಮಾರನೇ ದಿನವೇ ಹೊರಟೆವು. ಮಾರುವುದಕ್ಕೆ ಹಿರಿಯೂರಿಗೆ ಹೋಗಲಿಲ್ಲ, ಅಲ್ಲಿ ಅಪ್ಪನ ಮುಖ ಗೊತ್ತಿರುವವರು ಬಹಳ. ದುರ್ಗದ ಒಂದು ಸಣ್ಣ ಓಣಿಯಲ್ಲಿ ವಯಸ್ಸಾದ ಆಚಾರಿಯೊಬ್ಬರ ಅಂಗಡಿಗೆ ಹೋದೆವು. ಅಂಗಡಿಯೆಂದರೆ ಒಂದು ಗೋಣಿತಾಟು, ಒಂದು ಕುಲುಮೆ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ. ಅಪ್ಪ ಜೇಬಿನಿಂದ ಕರ್ಚೀಫಿನ ಗಂಟು ತೆಗೆದು ಮುಂದೆ ಹಿಡಿದರು. ಆಚಾರಿ ಕೈ ನೀಡಲಿಲ್ಲ.

"ಕುಂತ್ಕಳ್ರಿ ಮೊದ್ಲು. ಯಾರ್ದಪ್ಪ ಒಡವೆ?"

"ನಮ್ ಹೆಂಗಸ್ರದ್ದು ಆಚಾರ್ರೇ. ತೀರ್ಕಂಡ್ಲು."

"ಪಾಪ. ಈ ಹುಡುಗಿ ಮಗಳಾ? ಹಂಗಾದ್ರೆ ಅವಳ ಕೈಲಿ ಕೊಡ್ಸು. ಸತ್ತ ತಾಯಿ ಒಡವೇನ ಗಂಡಸ್ರ ಕೈಯಿಂದ ನಾನು ತಗಳಲ್ಲ. ನಮ್ಮಪ್ಪನೂ ತಗಂತಿರ್ಲಿಲ್ಲ."

ಅಪ್ಪ ಗಂಟನ್ನು ನನ್ನ ಕೈಗಿಟ್ಟರು. ಆಚಾರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದು ಯಾರಿಗೆ ಅಂತ ನಿಮ್ಮಮ್ಮ ಏನಾರ ಹೇಳಿದ್ಲೇನವ್ವ? ಹಂಗೆ ಹೇಳಿದ್ದಿದ್ರೆ ಹೇಳಿಬಿಡು. ಹೆಸರು ಹತ್ತಿದ ಬಂಗಾರ ನಮಗೆ ಆಗಿಬರಲ್ಲ."

ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. ದಿನಕ್ಕೆ ನಾಲ್ಕು ಸಲ ಕೇಳುವ ಮಾತನ್ನು ಕೇಳುವ ಹಾಗೆ ಕೇಳಿದರು. ಅಪ್ಪನೂ ನನ್ನ ಮುಖ ನೋಡುತ್ತಿದ್ದರು. ಅವರಿಗೆ ಅದು ಹೊಳೆದೇ ಇರಲಿಲ್ಲವೆಂದು ಕಾಣುತ್ತದೆ, ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಆಸೆ ಅವರ ಕಣ್ಣಲ್ಲಿತ್ತು.

"ಏನೂ ಹೇಳ್ಲಿಲ್ಲ" ಎಂದೆ.

ಆಚಾರಿ ಓಲೆ ತೆಗೆದುಕೊಂಡು ಒರೆಗಲ್ಲಿಗೆ ಉಜ್ಜಿದರು. ಹರಳಿನ ಕೆಳಗಿನ ಅರಗನ್ನು ಕಾಯಿಸಿ, ಸಣ್ಣ ಚಿಮಟದಿಂದ ಒಂದೊಂದೇ ಕೆಂಪು ಹರಳು ಎಬ್ಬಿಸಿ ಹೊರಗಿಟ್ಟರು. ಹರಳಿಗೆ ಬೆಲೆಯಿಲ್ಲವೆಂದು ಹದಿನಾಲ್ಕನ್ನೂ ಕಾಗದದಲ್ಲಿ ಪೊಟ್ಟಣ ಕಟ್ಟಿ ಅಪ್ಪನಿಗೆ ವಾಪಸು ಕೊಟ್ಟರು. ಹರಳು ಹೋದ ಓಲೆ ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಅದನ್ನು ಕುಲುಮೆಗೆ ಹಾಕುವುದನ್ನು ನಾನು ನೋಡಲಿಲ್ಲ. ಅಲ್ಲಿಂದ ಕಾಲೇಜಿಗೆ ಹೋಗಿ ಕಟ್ಟಬೇಕಾದ್ದನ್ನು ಕಟ್ಟಿದೆವು. ಬಸ್ ನಿಲ್ದಾಣದ ಹತ್ತಿರ ಅಪ್ಪ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು. ಮೂರು ಮೆಣಸಿನಕಾಯಿ ತಿಂದೆ, ಖಾರವಾಗಿ ಕಣ್ಣಲ್ಲಿ ನೀರು ಬಂತು. ಅಮ್ಮನ ನೆನಪಿಗೆ ಅಳುತ್ತಿದ್ದೇನೆಂದು ತಿಳಿದು ಅಪ್ಪ ನನ್ನ ಬೆನ್ನು ಸವರಿದರು. ನಾನು ತಿದ್ದಲಿಲ್ಲ.

ಮನೆಗೆ ಬಂದಾಗ ಮಂಜಿ ಬಾಗಿಲಲ್ಲೇ ನಿಂತಿದ್ದಳು.

"ನಂಗೇನ್ ತಂದೆ ಅಪ್ಪ?"

ಅಪ್ಪನಿಗೆ ಏನೂ ತೋಚದೆ, ಜೇಬಿನಿಂದ ಪೊಟ್ಟಣ ತೆಗೆದು ಅವಳ ಕೈಗೆ ಹಾಕಿದರು. "ಆಡ್ಕಳಮ್ಮ." ಮಂಜಿ ಹರಳುಗಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದಳು. ಅವು ಎಲ್ಲಿಯವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಾಲು ಕುಡಿಯುವಾಗಿನಿಂದ ಹಿಡಿದುಕೊಂಡಿದ್ದ ಹರಳುಗಳು. ಅವಳು ಅವನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಪುಸ್ತಕದ ಚೀಲದಲ್ಲಿಟ್ಟುಕೊಂಡಳು.

ಅಮಾವಾಸ್ಯೆ ಬಂತು. ಒಳಕೋಣೆಯನ್ನು ಸಾರಿಸಿ, ಮಣೆಯ ಮೇಲೆ ಕಳಸ ಇಟ್ಟಳು ಅಜ್ಜಿ. ಟೊಮೇಟೊ ಬಣ್ಣದ ಹೊಸ ಸೀರೆ, ಎರಡು ಡಜನ್ ಹಸಿರು ಬಳೆ. ಅಮ್ಮನಿಗೆ ಇಷ್ಟವೆಂದು ಕರ್ಜಿಕಾಯಿ, ಹುರುಳಿಕಾಳಿನ ಸಾರು, ಒಂದು ಲೋಟ ಬೆಲ್ಲದ ಕಾಫಿ. ಅಪ್ಪ ಆ ದಿನ ಹದವಾಗಿ, ಐದೇ ಜನಕ್ಕೆ ಆಗುವಷ್ಟು ಅಡಿಗೆ ಮಾಡಿದ್ದರು. ಮೂರು ತಿಂಗಳಲ್ಲಿ ಕೈ ಅಳತೆ ಕಲಿತಿತ್ತು, ಅಮ್ಮನನ್ನೂ ಲೆಕ್ಕಕ್ಕೆ ಹಿಡಿದಿದ್ದರು. ನಾನು ಸ್ನಾನ ಮಾಡಿ ಬಂದು ವಾಡೆಯಿಂದ ಸರ ತೆಗೆದು ಒಳಗೆ ಹೋದರೆ, ಮಂಜಿ ಕಳಸದ ಎದುರು ಮಂಡಿಯೂರಿ ಏನೋ ಮಾಡುತ್ತಿದ್ದಳು. ಅರಿಶಿನ ಕಲಸಿದ ಹಿಟ್ಟಿನಿಂದ ತೆಂಗಿನಕಾಯಿಗೆ ಎರಡು ಕಡೆ ಕಿವಿ ಅಂಟಿಸಿದ್ದಳು. ದಪ್ಪ ದಪ್ಪ ಕಿವಿ. ಒಂದೊಂದಕ್ಕೂ ಏಳು ಕೆಂಪು ಹರಳನ್ನು ಒತ್ತಿ ಕೂರಿಸುತ್ತಿದ್ದಳು, ನಡುವೆ ಒಂದು, ಸುತ್ತ ಆರು.

ಅಜ್ಜಿ ಬಂದು ನೋಡಿ ನಿಂತಳು. ಬೈಯುತ್ತಾಳೆಂದು ನಾನು ಕಾದೆ. ಬೈದಿದ್ದರೆ ನನಗೆ ಹಿತವಾಗುತ್ತಿತ್ತು.

"ಬೋಳು ಕಿವಿ ಆಗ್ತಿತ್ತು ಅಜ್ಜಿ" ಎಂದಳು ಮಂಜಿ.

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಬಾರೇ, ನೀನು ಸರ ಹಾಕು. ಯಾರಿಗೆ ಯಾವುದು ಅಂತ ಏನೂ ಹೇಳ್ದೆ ಹೋದ್ಲು ಪುಣ್ಯಾತಗಿತ್ತಿ. ದೊಡ್ಡೋಳು ನೀನು, ನಿನ್ ಕೈಯಾಗೇ ಏರ್ಲಿ."

ಸರ ಹಾಕಿದೆ. ಮಾರನೇ ದಿನ ಕಳಸ ಕದಲಿಸಿದಾಗ ಸರ ನನ್ನ ಕೈಗೆ ಇಳಿಯಿತು, ಹದಿನಾಲ್ಕು ಹರಳು ಮಂಜಿಯ ಕೈಗೆ ಇಳಿದವು. ರೂಢಿ ಎಂದರೆ ರೂಢಿ, ಯಾರೂ ಮತ್ತೆ ಮಾತಾಡಲಿಲ್ಲ.

ದುರ್ಗದ ಆ ಅಂಗಡಿಯಲ್ಲಿ ನಾನಾಡಿದ ಎರಡು ಪದ ನನಗಿಂತ ಮೊದಲೇ ಮನೆ ಸೇರಿ ಅಲ್ಲೇ ಬೇರು ಬಿಟ್ಟಿತ್ತು. ಅಪ್ಪ ಅದನ್ನು ಅಜ್ಜಿಗೆ ಹೇಳಿದ್ದರು, ಅಜ್ಜಿ ಓಣಿಗೆ ಹೇಳಿದ್ದಳು. ಪಾಪ, ಮಕ್ಕಳ ಹೆಸರೂ ಎತ್ತದೆ ಹೋದಳು ಎಂದು ನೆಂಟರು ಬಂದಾಗಲೆಲ್ಲ ಆಡಿಕೊಳ್ಳುತ್ತಿದ್ದರು. ಮಂಜಿ ಅದನ್ನು ಕೇಳುತ್ತಾ ಬೆಳೆದಳು. ಅವಳು ದೊಡ್ಡವಳಾದ ವರ್ಷ, ಆರತಿ ಮುಗಿದು ನಾವಿಬ್ಬರೇ ಒಳಕೋಣೆಯಲ್ಲಿದ್ದಾಗ ಒಮ್ಮೆ ಕೇಳಿದಳು:

"ಅಕ್ಕ, ಅಮ್ಮ ನನ್ ಬಗ್ಗೆ ಏನಾದ್ರೂ ಅಂದಿದ್ಲಾ?"

ದೊಡ್ಡೋಳಾದ್ಮೇಲೆ ನೀನೇ ಹೇಳು ಎಂದಿದ್ದಳಲ್ಲ ಅಮ್ಮ. ಗಳಿಗೆ ತಾನಾಗಿಯೇ ಬಂದು ನಿಂತಿತ್ತು. ನನ್ನ ಟಿಸಿಎಚ್ ಮುಗಿದಿತ್ತು, ಹೊಳಲ್ಕೆರೆ ಕಡೆಯ ಹಳ್ಳಿಯೊಂದಕ್ಕೆ ಕೆಲಸದ ಆರ್ಡರೂ ಬಂದಿತ್ತು, ಸರ ನನ್ನ ಕೊರಳಲ್ಲಿತ್ತು.

"ಆಗ ಅಮ್ಮನಿಗೆ ಮಾತಾಡಕ್ಕೇ ಆಗ್ತಿರ್ಲಿಲ್ವಲ್ಲೇ" ಎಂದೆ.

ಮೊದಲನೆಯದನ್ನು ಹುಡುಗುಬುದ್ಧಿ ಎಂದುಕೊಳ್ಳಬಹುದು. ಇದಕ್ಕೆ ಆ ನೆಪವೂ ಇಲ್ಲ. ಆಮೇಲೆ ಮಂಜಿಯ ಓದಿಗೆ ನಾನು ದುಡ್ಡು ಕಳಿಸಿದೆ, ಜವನಗೊಂಡನಹಳ್ಳಿಗೆ ಮದುವೆ ಮಾಡಿ ಕೊಡುವಾಗ ಓಡಾಡಿದೆ, ಬಾಣಂತನ ಮಾಡಿದೆ. ಊರವರು ಇಂಥ ಅಕ್ಕ ಸಿಗಬೇಕು ಎಂದರು. ಹಾಗೆ ಅಂದಾಗಲೆಲ್ಲ ಇನ್ನೊಂದು ಸೀರೆ, ಇನ್ನೊಂದು ಡಬ್ಬಿ ತುಪ್ಪ ತೆಗೆದುಕೊಂಡು ಹೋಗುತ್ತಿದ್ದೆ. ಅಪ್ಪ ಇರುವವರೆಗೆ ಅವರಿಗೆ ನೋವಾಗುತ್ತದೆ, ಹೇಳಬಾರದು ಎಂದುಕೊಂಡಿದ್ದೆ. ಅಜ್ಜಿ ಹೋದಳು, ಕೆಲವು ವರ್ಷದ ಮೇಲೆ ಅಪ್ಪನೂ ಹೋದರು. ಆ ನೆಪವೂ ಮುಗಿಯಿತು.

ಮಂಜಿಯ ಮಗಳಿಗೆ ಕಿವಿ ಚುಚ್ಚಿಸುವ ಶಾಸ್ತ್ರ ಬಂದಾಗ ನಾನೊಂದು ತೀರ್ಮಾನ ಮಾಡಿದೆ. ಹೊಳಲ್ಕೆರೆಯ ಅಂಗಡಿಯಲ್ಲಿ ಅಮ್ಮನ ಸರವನ್ನು ಅಳಿಸಿ, ಕರಗಿಸಿ, ಮಂಜಿಗೆ ಏಳು ಕೆಂಪು ಹರಳಿನ ಓಲೆ, ಮಗುವಿಗೆ ಒಂದು ಜೊತೆ ರಿಂಗು ಮಾಡಿಸಿದೆ. ಓಲೆಯ ಚಿತ್ರವನ್ನು ನಾನೇ ಬರೆದುಕೊಟ್ಟಿದ್ದೆ. ಓಲೆಗೆ ಓಲೆ ಸರಿಹೋಗುತ್ತದೆ, ಮಾತು ಆಡುವ ಕಷ್ಟವೂ ಅರ್ಧ ಕಡಿಮೆಯಾಗುತ್ತದೆ ಎಂದು ನನ್ನ ಎಣಿಕೆ. ಸೋದರಮಾವನಿಲ್ಲದ್ದರಿಂದ ಮಗುವನ್ನು ನಾನೇ ತೊಡೆಯ ಮೇಲೆ ಕೂರಿಸಿಕೊಂಡೆ. ಚುಚ್ಚಿದ್ದಾಯಿತು, ಮಗು ಅತ್ತದ್ದಾಯಿತು, ಬಂದವರು ಉಂಡು ಹೊರಟರು. ಮಂಜಿಯ ಗಂಡ, ಅತ್ತೆ ಅವರನ್ನು ಬಸ್ಸು ಹತ್ತಿಸಲು ರಸ್ತೆಗೆ ಹೋದರು. ಉಣ್ಣದೆ ಉಳಿದವರು ನಾವಿಬ್ಬರೇ. ಅಡಿಗೆ ಮನೆಯಲ್ಲಿ ಡಬ್ಬಿ ಅವಳ ಕೈಗಿಟ್ಟೆ.

"ಅಯ್ಯೋ, ಅಮ್ಮನ ಓಲೆ ಇದ್ದಂಗೇ ಐತಲ್ಲೇ ಅಕ್ಕ!" ಅವಳ ಮುಖದಲ್ಲಿ ಬಂದ ಬೆಳಕನ್ನು ನಾನು ಮರೆಯಲಾರೆ. "ಎಲ್ಲಿಂದ ತಂದೆ ಇಷ್ಟು ಬಂಗಾರ?"

"ಸರ ಅಳಿಸಿ ಮಾಡಿಸ್ದೆ."

"ಯಾವ್ ಸರ?" ಎಂದವಳು ನನ್ನ ಕೊರಳು ನೋಡಿದಳು. "ಅಮ್ಮನ ಸರಾನಾ? ಅಳಿಸ್ಬಿಟ್ಯಾ?"

"ನಿನಗೆ ಅಂತಲೇ ಕಣೇ."

"ಆ ಹರಳು ಬಿಟ್ರೆ ಅಮ್ಮನ ಮೈಗೆ ತಾಗಿದ್ದು ಅದೊಂದೇ ಉಳ್ದಿತ್ತಲ್ಲೇ. ಪ್ರತೀ ಸಲ ನೀನು ಬಂದಾಗ ನಾನು ಯಾಕೆ ನಿನ್ ಮಗ್ಲಾಗೇ ಮಲಗ್ತಿದ್ದೆ ಅನ್ಕಂಡಿದ್ದೀಯ? ನೀನು ನಿದ್ದೆ ಹೋದ್ಮೇಲೆ ಮುಟ್ಟಿ ನೋಡ್ತಿದ್ದೆ. ಯಾಕೆ ಮಾಡ್ದೆ ಹಿಂಗೆ? ನಾನೇನ್ ಓಲೆ ಕೇಳಿದ್ನಾ?"

ಆಗ ಹೇಳಿದೆ. ಒಳಕೋಣೆ, ಬೇವಿನ ಕಡ್ಡಿ, ಕಾಗದದಂಥ ಕಿವಿ, ಮೊರದ ಅಕ್ಕಿ, ಆಚಾರಿಯ ಪ್ರಶ್ನೆ, ನನ್ನ ಉತ್ತರ. ಎಲ್ಲವನ್ನೂ ನಿಂತ ಕಾಲಲ್ಲೇ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. ಮಂಜಿ ಓಲೆಯ ಡಬ್ಬಿಯನ್ನು ಅಕ್ಕಿ ಡಬ್ಬದ ಮೇಲಿಟ್ಟು, ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಕೇಳಿದಳು. ಮುಗಿದ ಮೇಲೂ ಸುಮಾರು ಹೊತ್ತು ಜೋಡಿಸುತ್ತಲೇ ಇದ್ದಳು.

"ಓಲೆ ಹೋಗ್ಲಿ ಬಿಡು" ಎಂದಳು ಕೊನೆಗೆ. "ನೀನು ಓದಿದ್ದಕ್ಕೆ ನಾನೂ ಓದ್ದೆ. ಅದಲ್ಲ. ಅಮ್ಮ ನನ್ ಹೆಸರು ಎತ್ತಿದ್ಲು ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ತೇ ನಿನಗೆ? ಅದಕ್ಕೇನ್ ಬಂಗಾರ ಖರ್ಚಾಗ್ತಿತ್ತಾ?"

ಅವಳ ಕೈಯಲ್ಲಿದ್ದ ಕೊನೆಯ ತಟ್ಟೆಯನ್ನು ನಾನು ತೆಗೆದು ಉಳಿದವುಗಳ ಮೇಲಿಟ್ಟೆ.

"ನಾನು ಏನ್ ಅನ್ಕಂಡಿದ್ದೆ ಗೊತ್ತಾ? ಹೋಗೋ ಹೊತ್ತಿನಾಗೆ ಅವಳಿಗೆ ನನ್ ನೆನಪೇ ಬರ್ಲಿಲ್ಲ ಅಂತ. ಚಿಕ್ಕೋಳು, ಮರ್ತು ಹೋಗಿರ್ಬೇಕು ಅಂತ. ಹೆರಿಗೆ ನೋವಿನಾಗೂ ಅಮ್ಮಾ ಅಂತ ಕೂಗ್ಲಿಲ್ಲ ನಾನು. ನೀನೇ ಪಕ್ಕದಾಗಿದ್ದೆ."

ಹೌದು, ಪಕ್ಕದಲ್ಲಿದ್ದೆ. ಅವಳು ಹಲ್ಲು ಕಚ್ಚಿಕೊಂಡಿದ್ದನ್ನು ನೋಡಿ, ಎಷ್ಟು ಗಟ್ಟಿ ಹುಡುಗಿ ಎಂದು ನರ್ಸಿನ ಹತ್ತಿರ ಹೊಗಳಿದ್ದೆ. ಓಲೆಯನ್ನು ಕದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಬೈದುಕೊಂಡಿದ್ದೆ. ಕದ್ದದ್ದು ಏನನ್ನು ಎಂದು ಅವತ್ತು, ಆ ಅಡಿಗೆ ಮನೆಯಲ್ಲಿ ತಿಳಿಯಿತು.

ಮಂಜಿ ಸೆರಗಿಗೆ ಕೈ ಒರೆಸಿಕೊಂಡು ನನ್ನೆದುರು ನೆಲದ ಮೇಲೆ ಕೂತಳು.

"ಏನಂದ್ಲು, ಇನ್ನೊಂದ್ಸಲ ಹೇಳು."

ಹೇಳಿದೆ. ಅಮ್ಮ ಯಾವ ಕಡೆ ತಿರುಗಿ ಮಲಗಿದ್ದಳು ಎಂದು ಕೇಳಿದಳು. ನನ್ನ ಕಡೆ ಎಂದೆ. ನಕ್ಕಳಾ ಎಂದಳು. ಇಲ್ಲ, ನಗಲಿಲ್ಲ, ಓಲೆ ನೋಡುತ್ತಿದ್ದಳು ಎಂದೆ. ಮತ್ತೆ ಮೊದಲಿಂದ ಹೇಳೆಂದಳು. ಮತ್ತೆ ಹೇಳಿದೆ.

"ತಡಿ. ಆಗ್ಲೇ ದಪ್ಪಕೆ ಅಂದೆ, ಈಗ ಗಟ್ಟಿ ಅಂತೀಯ. ಯಾವುದಂದ್ಲು?"

ನನಗೆ ಗೊತ್ತಾಗಲಿಲ್ಲ. ಆ ಮಾತನ್ನು ಒಬ್ಬಳೇ, ಯಾರಿಗೂ ಕೇಳಿಸದಂತೆ, ಇಷ್ಟು ವರ್ಷ ಮನಸ್ಸಿನಲ್ಲಿ ತಿರುವಿ ತಿರುವಿ ಸವೆಸಿಬಿಟ್ಟಿದ್ದೆ. ಯಾವ ಪದ ಅಮ್ಮನದು, ಯಾವುದು ನಾನು ಸೇರಿಸಿದ್ದು ಎಂದು ಕೇಳಲು ಬೇರೆ ಯಾರೂ ಉಳಿದಿರಲಿಲ್ಲ.

"ದಪ್ಪಕೆ ಅಂದ್ಲು ಅನ್ಸುತ್ತೆ" ಎಂದೆ.

"ಅನ್ಸುತ್ತೆ" ಎಂದಳು ಮಂಜಿ. ಕೈ ಎತ್ತಿ ತನ್ನ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿಕೊಂಡಳು. ಆಮೇಲೆ ಎದ್ದು ಎರಡು ತಟ್ಟೆ ಹಾಕಿದಳು.

ಅವತ್ತಿನ ಊಟ ಹೋಳಿಗೆ, ಹೋಳಿಗೆ ಸಾರು, ಅನ್ನ, ತಣ್ಣಗಾದ ಹಪ್ಪಳ. ಮಂಜಿ ನನಗೆ ಎರಡು ಹೋಳಿಗೆ ಹಾಕಿ, ಕೇಳದೆಯೇ ತುಪ್ಪ ಬಿಟ್ಟಳು. ತಾನು ಅನ್ನ ಸಾರು ಮಾತ್ರ ಕಲಸಿಕೊಂಡಳು, ಅರ್ಧ ತಟ್ಟೆಯಲ್ಲೇ ಉಳಿಯಿತು. ನಾನು ಎರಡೂ ಹೋಳಿಗೆ ತಿಂದೆ. ಮಗುವಿನ ಕಿವಿ ಬಿಸಿಯಾಗಿತ್ತು, ಅರಿಶಿನ ಎಣ್ಣೆ ಹಚ್ಚಿ ಮಂಜಿ ಅದನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು, ಅದು ಬಿಕ್ಕುತ್ತಲೇ ಇತ್ತು. ಸುಸ್ತಾಗಿದ್ದೀಯ, ಒಂದು ಗಳಿಗೆ ಅಡ್ಡಾಗು ಎಂದು ನನ್ನ ಕಡೆ ಚಾಪೆ ತಳ್ಳಿದಳು. ಅಡ್ಡಾದೆ. ನನ್ನ ಎದೆಯ ಮೇಲಿಂದ ಇಳಿದದ್ದು ಅವಳ ಎದೆಗೆ ಏರಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಗುವಿಗಿಂತ ಮೊದಲು, ಮಂಜಿಗಿಂತ ಮೊದಲು, ಹೊರಗೆ ಇನ್ನೂ ಬಿಸಿಲಿರುವಾಗಲೇ, ನಿದ್ದೆ ಹೋದವಳು ನಾನು.